ನಲವತ್ತೈದಕ್ಕೆ ಕೇಳಿದ ಮನೆ

೨೦೨೪ರ ಫೆಬ್ರವರಿಯಲ್ಲಿ ನಾನು ಗೋಕಾಕದಲ್ಲಿ ಮಾನ್ಯತೆ ಪಡೆದ ವ್ಯಾಲ್ಯೂಯರ್ ಆಗಿ ಕೆಲಸ ಮಾಡುತ್ತಿದ್ದೆ. ಮನೆ, ನಿವೇಶನ, ಗೋದಾಮುಗಳನ್ನು ಅಳತೆ ಮಾಡಿ, ಇವತ್ತು ಮಾರಿದರೆ ಎಷ್ಟು ಬಂದೀತು ಎಂದು ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಡುವುದು ನನ್ನ ಕೆಲಸ. ಸಿವಿಲ್ ಎಂಜಿನಿಯರಿಂಗ್ ಓದಿ ಹದಿನೆಂಟು ವರ್ಷ ಕಟ್ಟಡಗಳ ಮೇಲ್ವಿಚಾರಣೆ ಮಾಡಿ, ಆಮೇಲೆ ಈ ಕಸುಬಿಗೆ ಬಂದೆ. ಕೋರ್ಟಿನ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಆಫೀಸು. ಟೇಬಲ್ಲು, ಎರಡು ಖುರ್ಚಿ, ಅಳತೆಯ ಟೇಪು, ಗೋಡೆಯ ತೇವ ನೋಡುವ ಒಂದು ಸಣ್ಣ ಮೀಟರು.

ದಿನಚರಿ ಬರೆಯುವ ಚಟ ನನಗೆ ಕಾಲೇಜಿನಿಂದ ಇದೆ. ನೆನಪನ್ನು ನಂಬುವುದಿಲ್ಲ ಎಂದು ಬರೆಯುತ್ತೇನೆಯೇ ಹೊರತು, ಬರೆಯುವುದು ಇಷ್ಟ ಎಂದಲ್ಲ. ಈ ಪ್ರಸಂಗವನ್ನು ಹೇಳಲು ಕುಳಿತಾಗ ಹಳೆಯ ನೋಟಬುಕ್ಕುಗಳನ್ನು ತೆಗೆದಿಟ್ಟುಕೊಂಡಿದ್ದೇನೆ. ನನ್ನ ನೆನಪಿನಲ್ಲಿ, ನಾನು ಬೆಲೆ ಕಟ್ಟಲು ಹೋದ ಮನೆಯ ಯಜಮಾನತಿ ಹಸೀನಾಬಿ ಮೊದಲ ದಿನ ಮಂಚದ ಮೇಲೆ ಮಲಗಿದ್ದಳು. ದಿನಚರಿಯಲ್ಲಿ ‘ಗೋಡೆಗೆ ಒರಗಿ ಕುಳಿತಿದ್ದಳು, ಮಲಗಿದರೆ ಉಸಿರು ನಿಲ್ಲುತ್ತದಂತೆ’ ಎಂದಿದೆ. ಇಷ್ಟು ದೊಡ್ಡ ವಿಷಯವನ್ನೇ ನೆನಪು ಮಲಗಿಸಿಬಿಟ್ಟಿದೆ. ಆದರೆ ಬರೆದಿಟ್ಟದ್ದನ್ನೂ ಪೂರ್ತಿ ನಂಬಬಾರದು ಎನ್ನುವುದನ್ನು ಕಲಿತದ್ದು ಇದೇ ಪ್ರಸಂಗದಲ್ಲಿ. ಅದಕ್ಕೇ ಇದನ್ನು ಹೇಳುತ್ತಿರುವುದು.

ಆ ಫೆಬ್ರವರಿಯ ಒಂದು ದಿನ ಹುಕ್ಕೇರಿಯಿಂದ ರಜಿಯಾ ಎನ್ನುವ ಹೆಣ್ಣುಮಗಳು ಬಸ್ಸಿನಲ್ಲಿ ಬಂದಳು. ಮದುವೆಯ ಬ್ಲೌಸು ಹೊಲಿಯುವವಳು. ಕತ್ತಿನಲ್ಲಿ ಅಳತೆಯ ಟೇಪು ಹಾಗೆಯೇ ಉಳಿದಿತ್ತು. ಅದನ್ನು ತೆಗೆಯುವುದನ್ನೂ ಮರೆತು ಬಂದಿದ್ದಳು. ನಮ್ಮ ಕಡೆ ಓದಿದ ಹೆಂಗಸರನ್ನು ಕರೆಯುವಂತೆ ‘ಬಾಯಾರ’ ಎಂದು ಶುರುಮಾಡಿದಳು.

“ಬಾಯಾರ, ನಮ್ಮ ಅಪ್ಪಾಗ ನೀವs ಹೇಳಬೇಕ್ರಿ. ಮನಿ ಮಾರಾಕ ಇಟ್ಟು ನಾಕ ವರ್ಷ ಆತು. ರೇಟ್ ಇಳಸಾಕ ತಯಾರಿಲ್ಲ. ಈ ಮಳಿಗಾಲ ಆ ಮನ್ಯಾಗs ಆದ್ರ ನಮ್ಮವ್ವ ಉಳಿಯೂದಿಲ್ರಿ.”

ಅವಳ ತಂದೆ ದಸ್ತಗೀರಸಾಬ ಗೋಕಾಕದಲ್ಲಿ ಗಾದಿ, ಅಂದರೆ ಅರಳೆಯ ಹಾಸಿಗೆ, ಮಾಡುವವನು. ಅರಳೆ ಹಿಂಜುವ ಮಶೀನು ಮನೆಯ ಮುಂದಿನ ಖೋಲಿಯಲ್ಲೇ ಇತ್ತು. ತಾಯಿ ಹಸೀನಾಬಿ ಮೂವತ್ತು ವರ್ಷ ಗಂಡನ ಪಕ್ಕದಲ್ಲಿ ನಿಂತು ಆ ಮಶೀನಿಗೆ ಅರಳೆ ಉಣಿಸಿದವಳು. ಅರಳೆಯ ಧೂಳು ಪುಪ್ಪುಸದಲ್ಲಿ ಕೂತಿತ್ತು. ಈಗ ದಿನಕ್ಕೆ ಹದಿನಾಲ್ಕು ತಾಸು ಆಕ್ಸಿಜನ್ ಮಶೀನು ಬೇಕು. ಅದು ಕರೆಂಟಿನ ಮೇಲೆ ನಡೆಯುವಂಥದ್ದು.

ಮನೆ ಇದ್ದದ್ದು ಘಟಪ್ರಭೆಯ ಕಡೆಗೆ ಇಳಿಯುವ ಓಣಿಯಲ್ಲಿ. ೨೦೧೯ರಲ್ಲಿ ಹೊಳೆ ಒಳಗೆ ಬಂತು, ೨೦೨೧ರಲ್ಲಿ ಮತ್ತೆ ಬಂತು. ಹೊಳೆ ಬಂದಾಗ ಮೊದಲು ಹೋಗುವುದೇ ಕರೆಂಟು. ಎರಡನೆಯ ಸಲ ಹಸೀನಾಬಿಯನ್ನು ಖುರ್ಚಿಯ ಮೇಲೆ ಕೂರಿಸಿ ನಾಲ್ವರು ಎದೆಮಟ್ಟದ ನೀರಿನಲ್ಲಿ ಹೊತ್ತುಕೊಂಡು ಹೋಗಿದ್ದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ತುಟಿ ನೀಲಿಯಾಗಿತ್ತಂತೆ. ನೀರು ಇಳಿದ ಮೇಲೂ ಗೋಡೆಗಳು ಒಣಗಲಿಲ್ಲ. ಆ ತೇವದಲ್ಲಿ ಇನ್ನೊಂದು ಮಳೆಗಾಲ ಕಳೆಯಬೇಡಿ ಎಂದು ಡಾಕ್ಟರು ಹೇಳಿದ್ದರು. ತುಕ್ಕಾನಟ್ಟಿಯಲ್ಲಿ, ಹೊಳೆಯಿಂದ ದೂರ, ಹಸೀನಾಬಿಯ ತಂಗಿಯ ಮನೆಯ ಪಕ್ಕದಲ್ಲೇ ಎರಡು ಖೋಲಿಯ ಮನೆ ಹನ್ನೊಂದು ಲಕ್ಷಕ್ಕೆ ಸಿಗುತ್ತಿತ್ತು. ಅದರ ಮಾಲಕರು ಜೂನ್ ಮೊದಲ ವಾರದ ತನಕ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಈ ಮನೆ ಮಾರದೆ ಆ ಮನೆ ಇಲ್ಲ.

ಮರುದಿನ ಹೋದೆ. ಹೊರಗೋಡೆಯ ಮೇಲೆ ನೀರಿನ ಗುರುತು ಇನ್ನೂ ಇತ್ತು. ಸುಣ್ಣ ಬಳಿದಿದ್ದರು, ಸುಣ್ಣದ ಅಡಿಯಿಂದಲೇ ಕಂದು ಗೆರೆ ಮೇಲೆದ್ದು ಬಂದಿತ್ತು, ನನ್ನ ಭುಜದ ಎತ್ತರಕ್ಕೆ. ಒಳಗೆ ತೇವದ ಮೀಟರು ಹಚ್ಚಿದರೆ ಮುಳ್ಳು ಕೊನೆಗೆ ಹೋಗಿ ನಿಂತಿತು. ಹಸೀನಾಬಿ ಗೋಡೆಗೆ ಒರಗಿ ಕುಳಿತು ನನ್ನ ಕೆಲಸವನ್ನು ನೋಡುತ್ತಿದ್ದಳು. ಒಂದು ವಾಕ್ಯಕ್ಕೆ ಮೂರು ಉಸಿರು ಬೇಕಾಗುತ್ತಿದ್ದರಿಂದ ಆಕೆ ಮಾತನ್ನು ಉಳಿತಾಯ ಮಾಡುತ್ತಿದ್ದಳು.

ನಿವೇಶನ ೨೭ x ೪೦, ಅಂದರೆ ೧,೦೮೦ ಚದರಡಿ. ಕಟ್ಟಿದ್ದು ೧೯೯೬ರಲ್ಲಿ. ಆ ಓಣಿಯ ಜಾಗಕ್ಕೆ ಚದರಡಿಗೆ ಏಳುನೂರರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಕಟ್ಟಡಕ್ಕೆ ಡೆಪ್ರಿಸಿಯೇಷನ್, ಅಂದರೆ ವಯಸ್ಸಿನಿಂದ ಮತ್ತು ನೀರಿನಿಂದ ಆದ ಸವಕಳಿ ಕಳೆದರೆ ಆರೂವರೆ ಲಕ್ಷ ಉಳಿಯುತ್ತಿತ್ತು. ಒಟ್ಟು ಹದಿನಾಲ್ಕು. ಆ ಹದಿನಾಲ್ಕೂ ನನ್ನ ಕಾಗದದ ಮೇಲೆ. ಕೊಳ್ಳುವವರು ಬಂದರೆ ಅದರಲ್ಲಿ ಇನ್ನಷ್ಟು ಕಡಿಮೆ ಮಾಡುತ್ತಾರೆಂದು ಗೊತ್ತಿತ್ತು.

“ಸಾಬ್ರ, ಮಾರೂದು ಖರೆ ಇದ್ರ ಹದಿನಾಕು ಅಂತ ಹೇಳ್ರಿ,” ಅಂದೆ.

ದಸ್ತಗೀರಸಾಬ ಅರವತ್ತೈದು ದಾಟಿದ ಗಟ್ಟಿ ಆಳು. ನಕ್ಕ. ನಕ್ಕದ್ದು ನನ್ನನ್ನು ಕಂಡು ಅಯ್ಯೋ ಅನಿಸಿದವರ ಹಾಗೆ.

“ಬಾಯಾರ, ನಲವತ್ತೈದಕ್ಕ ಕೇಳಿ ಹೋದ ಮನಿ ಇದು. ಹೊಳಿ ಬಂತು, ಒಪ್ಪಗೋತೇನಿ. ಹತ್ತ ಬಿಡತೇನಿ. ಹದಿನಾಕಕ್ಕ ಕೊಡಾಕ ಇದೇನ ಹಳೇ ಗಾದಿ ಏನ್ರಿ?”

“ಯಾರು ಕೇಳಿದ್ರು?”

“ಮೂಡಲಗಿ ಬಾಳಪ್ಪ. ದನದ ಪ್ಯಾಟಿ ದಲ್ಲಾಳಿ. ಹೊಳಿ ಬರೂಕಿಂತ ಹಿಂದಿನ ವರ್ಷ, ಇದs ಕಟ್ಟಿ ಮ್ಯಾಲೆ ಕುಂತು, ಟಾವೆಲ್ ಹಾಸಿ, ಕೈ ಹಿಡದು ಕೇಳ್ಯಾನ.”

ನಮ್ಮ ಕಡೆಯ ದನದ ಪೇಟೆ ನೋಡದವರಿಗಾಗಿ ಹೇಳುತ್ತೇನೆ. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ಮಾರುವವನ ಕೈ ಹಿಡಿದು ಮೇಲೆ ಟವೆಲ್ ಹೊದಿಸುತ್ತಾನೆ. ಒಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು. ಇಡೀ ಅಂಗೈ ಹಿಡಿದರೆ ಐದು. ಅದು ನೂರೋ ಸಾವಿರವೋ ಲಕ್ಷವೋ ಎನ್ನುವುದು ಎದುರಿಗಿರುವ ವಸ್ತುವಿನಿಂದಲೇ ತಿಳಿಯುತ್ತದೆ. ಸುತ್ತ ನಿಂತವರಿಗೆ ಗೊತ್ತಾಗಬಾರದು ಎನ್ನುವುದೇ ಪದ್ಧತಿ. ನಾನು ಹೆಂಗಸು, ಆ ಟವೆಲ್ಲಿನೊಳಗೆ ನನ್ನ ಕೈ ಎಂದೂ ಹೋಗಿರಲಿಲ್ಲ.

“ಕೈ ಹಿಡದಿದ್ದು ನಿಮಗ ಇನ್ನೂ ನೆನಪೈತಿ?” ಎಂದು ಕೇಳಿದೆ.

“ತಲಿ ಮರೀತೈತಿ. ಕೈ ಮರಿಯೂದಿಲ್ರಿ,” ಎಂದವನೇ ಒಳಗೆ ಹೋಗಿ ಟ್ರಂಕಿನಿಂದ ಒಂದು ಝೆರಾಕ್ಸ್ ಪ್ರತಿ ತಂದ. “ಆತು, ನನ್ನ ಮಾತ ಬಿಡ್ರಿ. ಇದನ್ನರ ನಂಬತೀರಿಲ್ಲೋ?”

ಅದು ಪಕ್ಕದ ಮನೆಯವರಿಗಾಗಿ ೨೦೨೦ರಲ್ಲಿ ಬರೆದ ವ್ಯಾಲ್ಯೂಯೇಶನ್ ವರದಿ. ಎರಡನೆಯ ಪುಟದಲ್ಲಿ ಹಳದಿ ಪೆನ್ನಿನಿಂದ ಒಂದು ಸಾಲು ಬಳಿದಿದ್ದರು: ‘ಇದೇ ಓಣಿಯ ಮನೆಯೊಂದಕ್ಕೆ ೨೦೧೮ರಲ್ಲಿ ೪೫ ಲಕ್ಷಕ್ಕೆ ಬೇಡಿಕೆ ಬಂದಿರುತ್ತದೆ.’ ಅಡಿಯಲ್ಲಿ ಮುದ್ರೆ, ಅದರ ಮೇಲೆ ಓರೆಯಾದ ಸಹಿ. ಎರಡೂ ನನ್ನವು.

ಆ ಕ್ಷಣದಲ್ಲಿ ಏನೆಂದೆನೋ ದಿನಚರಿಯಲ್ಲಿ ಇಲ್ಲ. ಮನೆಗೆ ಬಂದವಳೇ ೨೦೧೮ರ ನೋಟಬುಕ್ಕು ಹುಡುಕಿದೆ. ಆ ವರ್ಷ ಅದೇ ಓಣಿಯಲ್ಲಿ ಬೇರೆ ಕೆಲಸಕ್ಕೆ ಹೋದಾಗ ದಸ್ತಗೀರಸಾಬನ ಕಟ್ಟೆಯ ಮೇಲೆ ಅವನ ಮಾತು ಕೇಳುತ್ತಾ ಚಹಾ ಕುಡಿದಿದ್ದೆ. ಅವನ ಮನೆಯನ್ನೂ ಕಣ್ಣಳತೆಯಲ್ಲಿ ನೋಡಿ ಬರೆದುಕೊಂಡಿದ್ದೆ: ‘ಗಾದಿ ಸಾಬರ ಮನೆ. ನನ್ನ ಲೆಕ್ಕ ೨೪. ೪೫ — ಕೇಳಿದ್ದು.’

ಇಷ್ಟೇ. ‘ಕೇಳಿದ್ದು’ ಎಂದು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದುದು ಏನು? ಕಿವಿಯಿಂದ ಕೇಳಿದ್ದು, ಗಾಳಿಮಾತು, ಎಂದೇ ಇರಬೇಕು. ಆಫೀಸಿನಲ್ಲಿ ಅಂಥ ಮಾತಿಗೆ ನಾನು ಹಾಕುವ ಗುರುತೇ ಅದು. ಆದರೆ ಎರಡು ವರ್ಷದ ಮೇಲೆ ಪಕ್ಕದ ಮನೆಯ ವರದಿ ಬರೆಯಲು ಕುಳಿತಾಗ ಅದೇ ಶಬ್ದವನ್ನು ‘ಗಿರಾಕಿ ಆ ಬೆಲೆಗೆ ಕೇಳಿದ್ದು’ ಎಂದು ಓದಿಕೊಂಡಿದ್ದೆ. ನಮ್ಮ ಭಾಷೆಯಲ್ಲಿ ಕಿವಿಯೂ ಕೇಳುತ್ತದೆ, ಗಿರಾಕಿಯೂ ಕೇಳುತ್ತಾನೆ. ನನ್ನದೇ ಅಕ್ಷರ, ನನ್ನದೇ ಶಬ್ದ, ನಾನೇ ತಪ್ಪಾಗಿ ಓದಿದೆ. ನನ್ನ ಲೆಕ್ಕ ಇಪ್ಪತ್ನಾಲ್ಕು ಹೇಳುತ್ತಿದ್ದರೂ, ಬಜಾರು ನಲವತ್ತೈದು ಹೇಳಿದರೆ ಬಜಾರೇ ಸರಿ ಎಂದು ನನ್ನ ಲೆಕ್ಕವನ್ನು ಕೈಬಿಟ್ಟಿದ್ದೆ.

ಹೀಗೆ ಅವನ ಮಾತು ನನಗೆ ಆಧಾರ, ನನ್ನ ವರದಿ ಅವನಿಗೆ ಆಧಾರ. ಅಷ್ಟೇ ಅಲ್ಲ. ಆ ಝೆರಾಕ್ಸ್ ಓಣಿಯ ಮನೆಮನೆಗೂ ಹೋಗಿತ್ತು. ಹೊಳೆಯ ಕಡೆಯ ಒಂಬತ್ತು ಮನೆಗಳಲ್ಲಿ ಆರು ಮಾರಾಟಕ್ಕಿದ್ದವು. ಎಲ್ಲರೂ ‘ಗಾದಿ ಸಾಬರ ಮನಿಗೇ ನಲವತ್ತೈದು ಕೇಳ್ಯಾರಂದ್ರ ನಮ್ಮದಕ್ಕ?’ ಎಂದು ಲೆಕ್ಕ ಹಾಕಿ ಕೂತಿದ್ದರು. ನಾಲ್ಕು ವರ್ಷದಲ್ಲಿ ಒಂದೂ ಮಾರಿರಲಿಲ್ಲ.

ಇಳಿಯುವ ಪೇಟೆಯ ಸ್ವಭಾವವನ್ನು ಇಲ್ಲಿ ಹೇಳಬೇಕು. ಬೆಲೆ ಏರುವಾಗ ತಪ್ಪು ಹೇಳಿದರೂ ನಡೆಯುತ್ತದೆ. ಇವತ್ತು ಹೆಚ್ಚಾದದ್ದು ಮುಂದಿನ ವರ್ಷ ಸರಿಹೋಗುತ್ತದೆ. ಇಳಿಯುವಾಗ ಹಾಗಲ್ಲ. ಇವತ್ತು ಹೆಚ್ಚು ಹೇಳಿದರೆ ಗಿರಾಕಿ ತಿರುಗಿ ನೋಡುವುದಿಲ್ಲ. ಆರು ತಿಂಗಳ ಮೇಲೆ ನೀವು ಇಳಿಸಿದರೆ ಪೇಟೆ ಅದಕ್ಕಿಂತ ಕೆಳಗೆ ಹೋಗಿರುತ್ತದೆ. ಮತ್ತೆ ಇಳಿಸಿದರೆ, ‘ನಾಲ್ಕು ವರ್ಷ ಮಾರದ ಮನೆ, ಏನೋ ದೋಷ ಇರಬೇಕು’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಬೆಲೆಯ ಬೆನ್ನು ಹತ್ತಿ ಮೆಟ್ಟಿಲು ಇಳಿಯುವವನಿಗೆ ಬೆಲೆ ಎಂದೂ ಸಿಗುವುದಿಲ್ಲ.

ದಸ್ತಗೀರಸಾಬ ಮಾರ್ಚಿನಲ್ಲಿ ಮೂವತ್ತೈದಕ್ಕೆ ಇಳಿದ. ಇಬ್ಬರು ಬಂದರು. ಒಬ್ಬರು ಗೋಡೆಯ ಗೆರೆ ನೋಡಿ ಹೊರಗಿನಿಂದಲೇ ಹೋದರು. ಇನ್ನೊಬ್ಬರು ಒಳಗೆ ಬಂದು, ಮಶೀನಿನ ಬುಸುಬುಸು ಸಪ್ಪಳ ಕೇಳಿ, ಹಸೀನಾಬಿಯನ್ನು ನೋಡಿ, ‘ಇವರಿಗೆ ಅರ್ಜೆಂಟ್ ಐತಿ’ ಎಂದು ಜೊತೆಗೆ ಬಂದಿದ್ದವರಿಗೆ ಕಣ್ಣು ಮಾಡಿ, ಎಂಟಕ್ಕೆ ಕೇಳಿದರು. ದಸ್ತಗೀರಸಾಬ ಅವರನ್ನು ಬೈದು ಕಳಿಸಿದ. ಏಪ್ರಿಲಿನಲ್ಲಿ ಮೂವತ್ತು ಎಂದ. ಯಾರೂ ಬರಲಿಲ್ಲ. ರಜಿಯಾ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಳು. ಕೊನೆಕೊನೆಗೆ “ಬಾಯಾರ...” ಎಂದು ಹೊಲಿಗೆಗೆ ಮರಳುತ್ತಿದ್ದಳು. ಹೊಲಿಗೆ ಮಶೀನಿನ ಸಪ್ಪಳ ಮಾತ್ರ ಕೇಳುತ್ತಿತ್ತು.

ಮೇ ತಿಂಗಳ ಎರಡನೆಯ ವಾರ ನಾನು ಮೂಡಲಗಿಗೆ ಹೋದೆ. ಯಾಕೆ ಹೋದೆ ಎನ್ನುವುದರ ಬಗ್ಗೆಯೂ ನನಗೆ ಅನುಮಾನವಿದೆ. ದಿನಚರಿಯಲ್ಲಿ ‘ಬಾಳಪ್ಪ ಈಗಲೂ ಕೊಳ್ಳುತ್ತಾನೋ ನೋಡಲು’ ಎಂದಿದೆ. ಆದರೆ ಆ ನಲವತ್ತೈದು ನಿಜವೆಂದು ಯಾರಾದರೂ ಹೇಳಿಬಿಡಲಿ, ನನ್ನ ಸಹಿ ಉಳಿದುಕೊಳ್ಳಲಿ ಎನ್ನುವ ಆಸೆಯೂ ಇದ್ದಿರಬೇಕು.

ಬಾಳಪ್ಪನಿಗೆ ಎಪ್ಪತ್ತು ದಾಟಿತ್ತು. ದಲ್ಲಾಳಿತನ ಬಿಟ್ಟಿದ್ದರೂ ಹೆಗಲ ಮೇಲಿನ ಟವೆಲ್ ಬಿಟ್ಟಿರಲಿಲ್ಲ. ವಿಷಯ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಬಾಯಿ ತೆರೆದೇ ಉಳಿಯಿತು.

“ನಲವತ್ತೈದು? ಯವ್ವಾ, ನಲವತ್ತೈದ ಲಕ್ಷ ನನ್ನ ಹಂತ್ಯಾಕ ಇದ್ದಿದ್ರ ಇಡೀ ದನದ ಪ್ಯಾಟಿನs ಕೊಂಡ್ಕೋತಿದ್ನಲ್ಲ! ನಾ ಕೇಳಿದ್ದು ಇಪ್ಪತ್ತೆರಡೂವರಿ.”

“ಅವರಿಗೆ ಕೈ ನೆನಪೈತಂತ.”

“ನನಗೂ ಕೈ ಐತೆಲ್ಲ.” ಟವೆಲ್ ತೆಗೆದ. ತೆಗೆದು, ನನ್ನ ಮುಖ ನೋಡಿ, ಮತ್ತೆ ಹೆಗಲಿಗೆ ಹಾಕಿಕೊಂಡ. “ಹೆಣ್ಮಕ್ಕಳ ಕೈ ಹಿಡದು ಎಂದೂ ರೇಟ್ ಹೇಳಿಲ್ಲವ್ವ.”

“ಇವತ್ತು ಹೇಳ್ರಿ, ಅಜ್ಜಾ. ಒಬ್ಬಾಕಿ ಹೆಣ್ಮಗಳ ಉಸಿರು ಇದರ ಮ್ಯಾಲೆ ಐತಿ.”

ಒಳಗಿನಿಂದ ಹೆಂಡತಿ ಕೂಗಿದಳು: “ಹಿಡೀರಿ, ಹಿಡೀರಿ. ಈ ವಯಸ್ಸಿನ್ಯಾಗ ಯಾರೂ ಏನೂ ಅನ್ನೂದಿಲ್ಲ!”

ಟವೆಲ್ಲಿನೊಳಗೆ ಅವನ ಕೈ ಒಣಗಿದ ಚಕ್ಕಳದ ಹಾಗಿತ್ತು. ನನ್ನ ಎರಡು ಬೆರಳು ಹಿಡಿದು ಬಿಟ್ಟ. ಮತ್ತೆ ಎರಡು ಬೆರಳು ಹಿಡಿದು ಬಿಟ್ಟ. ಆಮೇಲೆ ಇಡೀ ಅಂಗೈ ಹಿಡಿದು, ನಡುವೆ ಉಗುರಿನಿಂದ ಮೆತ್ತಗೆ ಒಂದು ಗೆರೆ ಎಳೆದ.

“ಎರಡು, ಎರಡು: ಇಪ್ಪತ್ತೆರಡು. ಅಂಗೈ ಗೀರಿದ್ರ ಅರ್ಧ. ಗೀರಲಿಲ್ಲಂದ್ರ ಐದು. ಮೂಡಲಗಿ ಪ್ಯಾಟಿಗೆ ಇಷ್ಟs ಲೆಕ್ಕ.”

“ಅವರು ಎರಡು ಮತ್ತ ಎರಡನ್ನ ನಾಕು ಅಂತ ಕೂಡಿಸ್ಯಾರ. ಆಮ್ಯಾಲೆ ಐದು.”

“ಹುಚ್ಚ ಅದಾನೇನ? ನಾಕ ಬೆರಳ ಹಿಡಿಯಾಕ ಬರೂಮುಂದ ಯಾರರ ಎರಡೆರಡ ಸಲ ಹಿಡೀತಾರ?”

ಅದೇ ಪ್ರಶ್ನೆ ನನ್ನಲ್ಲೂ ಹುಟ್ಟಿತು. ಹುಟ್ಟಿದ ಗಳಿಗೆಯಲ್ಲೇ ಉತ್ತರವೂ ಹೊಳೆಯಿತು. ದಸ್ತಗೀರಸಾಬನ ಬಲಗೈಯಲ್ಲಿ ಉಂಗುರದ ಬೆರಳೂ ಕಿರುಬೆರಳೂ ಇರಲಿಲ್ಲ. ಯೌವನದಲ್ಲೇ ಅರಳೆಯ ಮಶೀನಿನ ರೋಲರು ಎರಡನ್ನೂ ತಿಂದಿತ್ತು. ಅವನು ಚಹಾದ ಸಾಸರು ಹಿಡಿಯುವಾಗ ನಾನು ಎಷ್ಟೋ ಸಲ ನೋಡಿದ್ದೆ. ಆ ಕೈಗೆ ನಾಲ್ಕು ಎಂದು ಹೇಳಬೇಕಾದವರು ಎರಡೇ ಬೆರಳನ್ನು ಎರಡು ಸಲ ಹಿಡಿಯಬೇಕು. ದಲ್ಲಾಳಿ ತನ್ನ ಕೈಯ ಕೊರತೆ ಅರಿತು ಹಾಗೆ ಹಿಡಿದನೆಂದು ದಸ್ತಗೀರಸಾಬ ತಿಳಿದುಕೊಂಡಿದ್ದ.

ಬಾಳಪ್ಪನಿಗೆ ಹೇಳಿದೆ. ಅವನು ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ. “ನನಗ ಎರಡs ಬೆರಳ ಬೇಕಾಗಿದ್ದು, ಎರಡೂ ಸಿಕ್ಕವು. ಉಳಿದವು ಇಲ್ಲಂತ ಟಾವೆಲ್ ಒಳಗ ಹೆಂಗ ತಿಳೀಬೇಕವ್ವ? ನೋಡೋಣು ಅಂದಾ. ಒಲ್ಲೆ ಅಂದಂಗ ಅಂತ ನಾ ಎದ್ದು ಬಂದೆ.”

ದಸ್ತಗೀರಸಾಬ ‘ನೋಡೋಣು’ ಎಂದದ್ದು ಯಾಕೆಂದು ಈಗ ತಿಳಿಯುತ್ತದೆ. ದನದ ದಲ್ಲಾಳಿ ಮೊದಲ ಮಾತಿಗೇ ನಲವತ್ತೈದು ಎಂದರೆ ಐವತ್ತು ಬಂದೇ ಬರುತ್ತದೆ ಎಂದು ಕಾದಿದ್ದ. ಮುಂದಿನ ವರ್ಷ ಐವತ್ತು ಬರಲಿಲ್ಲ, ಹೊಳೆ ಬಂತು.

ಬಾಳಪ್ಪ ಹೇಳಿದ್ದೇ ಸತ್ಯ ಎಂದು ನಾನು ಇವತ್ತಿಗೂ ಪ್ರಮಾಣ ಮಾಡಲಾರೆ. ಬೆಲೆ ಇಳಿದ ಮೇಲೆ ಎಲ್ಲರಿಗೂ ತಾವು ಕಡಿಮೆಗೇ ಕೇಳಿದ್ದೆವು ಎನ್ನಿಸುವುದುಂಟು. ಆದರೆ ಇಪ್ಪತ್ತೆರಡೂವರೆ ನನ್ನ ೨೦೧೮ರ ಲೆಕ್ಕದ ಪಕ್ಕದಲ್ಲೇ ಬಂದು ಕೂರುತ್ತಿತ್ತು. ಅಂದು ನನ್ನ ಲೆಕ್ಕವನ್ನು ನಾನು ನಂಬಿದ್ದರೆ ಆ ಸಾಲು ವರದಿಯಲ್ಲಿ ಇರುತ್ತಿರಲಿಲ್ಲ.

ಮರುದಿನ ದಸ್ತಗೀರಸಾಬನಿಗೆ ಎಲ್ಲ ಹೇಳಿದೆ. ನನ್ನ ವರದಿಯ ಆ ಸಾಲು ತಪ್ಪು ಎಂದೂ ಹೇಳಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

“ಬಾಳಪ್ಪ ಸುಳ್ಳ ಹೇಳತಾನ. ಈಗ ಹದಿನಾಕಕ್ಕ ಹೊಡಕೊಳ್ಳಾಕ ಬಂದಾನ ಅಂವ. ಅವನ ಜೋಡಿ ನೀವೂ ಕೂಡೀರಿ.”

“ಸಾಬ್ರ, ಬಾಳಪ್ಪಗ ಮನಿ ಬ್ಯಾಡ. ನನಗೂ ಬ್ಯಾಡ.”

“ಹಂಗಾದ್ರ ನಾಕ ವರ್ಷ ಇಕಿನ್ನ ಈ ತಂಪನ್ಯಾಗ ನಾನs ಕುಂಡ್ರಿಸೇನಿ ಅಂತ ಹೇಳಾಕತ್ತೀರಿ. ಹೌದಿಲ್ಲೋ?”

ನಾನು ಹಾಗೆ ಹೇಳಿರಲಿಲ್ಲ. ಅವನು ಎದ್ದು ಹೊರಗೆ ಹೋದ. ಬೆಲೆಯನ್ನು ಒಪ್ಪುವುದೆಂದರೆ ಅವನಿಗೆ ಹಣ ಬಿಟ್ಟುಕೊಡುವುದಾಗಿರಲಿಲ್ಲ. ಹೆಂಡತಿಯ ಕಾಯಿಲೆಯಲ್ಲಿ ತನ್ನ ಪಾಲನ್ನು ಒಪ್ಪುವುದಾಗಿತ್ತು. ಇದು ನನಗೆ ಮೊದಲೇ ತಿಳಿಯಬೇಕಿತ್ತು. ನನ್ನ ಪಾಲೂ ಅದರಲ್ಲಿತ್ತು.

ಹಸೀನಾಬಿ ಕೈ ಮಾಡಿ ಕರೆದಳು. ಹತ್ತಿರ ಕುಳಿತೆ. ಎಲ್ಲವನ್ನೂ ಆಕೆ ಕೇಳಿಸಿಕೊಂಡಿದ್ದಳು. ಮೂಗಿನ ನಳಿಕೆಯನ್ನು ಸರಿಮಾಡಿಕೊಂಡು, “ಹೆಂಗ ಹಿಡದಾ... ತೋರಸ್ರಿ,” ಎಂದಳು. ನಾನು ಆಕೆಯ ಕೈ ಹಿಡಿದೆ. ಎರಡು, ಎರಡು, ಅಂಗೈ, ಒಂದು ಗೀರು. ಆಕೆ ಕಣ್ಣು ಮುಚ್ಚಿಕೊಂಡು, ಹಳೆಯ ಲೆಕ್ಕ ನೋಡುವವಳಂತೆ, ತಲೆ ಆಡಿಸಿದಳು. ಆಮೇಲೆ ಸೆರಗನ್ನು ನಮ್ಮಿಬ್ಬರ ಕೈಗಳ ಮೇಲೆ ಎಳೆದುಕೊಂಡಳು. ಬಾಗಿಲಾಚೆ ಗಂಡ ನಿಂತಿದ್ದ. ಅವನಿಗೆ ಕಾಣಬಾರದು ಎಂದಿರಬೇಕು.

ಸೆರಗಿನೊಳಗೆ ಆಕೆ ನನ್ನ ಒಂದು ಬೆರಳು ಹಿಡಿದಳು. ಬಿಟ್ಟಳು. ಮೂರು ಬೆರಳು ಹಿಡಿದಳು. ಬಿಟ್ಟಳು. ಅಂಗೈ ಹಿಡಿದು ಉಗುರಿನಿಂದ ಗೀರಿದಳು.

ಹದಿಮೂರೂವರೆ.

ಮೂವತ್ತೊಂದು ವರ್ಷದ ಕೆಲಸದಲ್ಲಿ ಇಷ್ಟು ಖಚಿತವಾದ ವ್ಯಾಲ್ಯೂಯೇಶನ್ ನಾನು ನೋಡಿಲ್ಲ. ಹನ್ನೊಂದು ತುಕ್ಕಾನಟ್ಟಿಯ ಮನೆಗೆ. ಉಳಿದ ಎರಡೂವರೆಯಲ್ಲಿ ನೋಂದಣಿಯ ಖರ್ಚು, ಕರೆಂಟ್ ಹೋದಾಗ ಮಶೀನು ನಡೆಸಲು ಇನ್ವರ್ಟರು, ಗಂಡನ ಗಾದಿಯ ಮಶೀನಿಗೊಂದು ತಗಡಿನ ಶೆಡ್ಡು. ಆಕೆ ಮನೆಯ ಬೆಲೆ ಕಟ್ಟಲು ಹಿಂದಿನ ವರ್ಷಗಳ ಕಡೆಗೆ ತಿರುಗಲೇ ಇಲ್ಲ. ಮುಂದೆ ಏನು ಬೇಕು ಎನ್ನುವುದರಿಂದ ಶುರುಮಾಡಿದ್ದಳು.

“ಅವರಿಗೆ ಹೇಳಲಾ?” ಎಂದೆ.

“ನಾ... ಹೇಳತೇನಿ.” ಮತ್ತೊಂದು ಉಸಿರು ತೆಗೆದುಕೊಂಡು, ಸಣ್ಣಗೆ ನಕ್ಕಳು. “ಅವನ ಎಡಗೈಯಾಗ... ಐದೂ ಬೆರಳ ಅದಾವು.”

ಅವಳು ಹೇಗೆ ಹೇಳಿದಳೋ ನನಗೆ ಗೊತ್ತಿಲ್ಲ. ನಾಲ್ಕನೆಯ ದಿನ ದಸ್ತಗೀರಸಾಬ ಆಫೀಸಿಗೆ ಬಂದು ನಿಂತೇ ಹೇಳಿದ: “ಹದಿಮೂರೂವರಿ. ಅದರ ಕೆಳಗ ಒಂದ ರೂಪಾಯಿ ಇಲ್ಲ.” ಮೇ ಹದಿನಾಲ್ಕನೆಯ ತಾರೀಖು. ಜೂನ್ ಮೊದಲ ವಾರಕ್ಕೆ ಮೂರು ವಾರ ಉಳಿದಿದ್ದವು.

ಬೆಲೆ ಸರಿಯಾದರೂ ಗಿರಾಕಿ ಬೇಕಲ್ಲ. ಹೊಳೆ ಬರುವ ಮನೆಯಲ್ಲಿ ಸಂಸಾರ ಮಾಡಲು ಯಾರೂ ಬರಲಾರರು. ಹತ್ತು ದಿನ ಹಾಗೆಯೇ ಹೋದವು. ತುಕ್ಕಾನಟ್ಟಿಯವರು ಬೇರೆ ಗಿರಾಕಿಗೆ ಮನೆ ತೋರಿಸಿದರೆಂದು ತಂಗಿ ಫೋನಿನಲ್ಲಿ ಅತ್ತಳಂತೆ. ಆಗ ರಜಿಯಾಗೆ ಒಂದು ಯೋಚನೆ ಬಂತು. ಅವಳು ಬ್ಲೌಸು ಹೊಲಿಯುವ ಮದುವೆಗಳಿಗೆಲ್ಲ ಶಾಮಿಯಾನ ಹಾಕುವವನು ಘೋಡಗೇರಿಯ ಶಿವಪುತ್ರ. ಅಡುಗೆಯ ಹಂಡೆ, ಕೊಳಗ, ತಾಟು ಬಾಡಿಗೆಗೆ ಕೊಡುವವನು. ಗೋಕಾಕದಲ್ಲಿ ಸಾಮಾನು ಇಡಲು ಜಾಗ ಹುಡುಕುತ್ತಿದ್ದ.

ವ್ಯಾಲ್ಯೂಯರ್ ಆದವಳು ಗಿರಾಕಿ ಹುಡುಕಬಾರದು. ಬೆಲೆ ಕಟ್ಟುವವರೂ ಮಾರಿಸುವವರೂ ಒಬ್ಬರೇ ಆಗಬಾರದು ಎನ್ನುವುದು ನಮ್ಮ ನಿಯಮ. ರಜಿಯಾ ಅವನನ್ನು ಕರೆತಂದ ದಿನ ನಾನೂ ಅಲ್ಲಿದ್ದೆ. ವರದಿ ಬರೆಯಲಿಲ್ಲ, ಫೀಸು ತೆಗೆದುಕೊಳ್ಳಲಿಲ್ಲ. ಅಷ್ಟರಿಂದ ನಿಯಮ ಉಳಿಯಿತೋ ಇಲ್ಲವೋ ನನಗೆ ಈಗಲೂ ಸ್ಪಷ್ಟವಿಲ್ಲ.

ಶಿವಪುತ್ರ ಗೋಡೆಯ ಕಂದು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. “ನೀರ ಇಲ್ಲಿತನಾ ಬರತೈತೇನ್ರಿ?”

ದಸ್ತಗೀರಸಾಬ ಏನಾದರೂ ಮುಚ್ಚಿಟ್ಟು ಮಾತಾಡುತ್ತಾನೆಂದು ಹೆದರಿದೆ. “ಎರಡ ಸಲ ಬಂದೈತಿ. ಮತ್ತ ಬರತೈತಿ,” ಎಂದ.

“ಬರಲಿ ಬಿಡ್ರಿ. ನಮ್ಮ ಭಾಂಡಿ ತೊಳೆಯೂ ಪಗಾರರ ಉಳೀತೈತಿ. ಬಟ್ಟಿ ಎಲ್ಲಾ ಮ್ಯಾಲಿನ ಅಟ್ಟಕ್ಕ ಇಟ್ಟರಾತು. ಹನ್ನೆರಡು ಕೊಡತೇನಿ.”

“ಹದಿಮೂರೂವರಿ.”

“ಕಾಕಾ, ಹೊಳಿ ಬರೂ ಮನಿಗಿ ಹದಿಮೂರೂವರಿ ಅಂದ್ರ...”

“ಹೊಳಿ ನಿನಗ ಬ್ಯಾಡಾಗಿಲ್ಲಲ್ಲೋ ತಮ್ಮಾ. ಭಾಂಡಿ ತೊಳಸಾಕ ಬೇಕಂದಿ. ಅದರ ರೇಟೂ ಹಿಡಿ.”

ಶಿವಪುತ್ರ ಜೋರಾಗಿ ನಕ್ಕ. ಮಂಚದ ಕಡೆಯಿಂದಲೂ ನಗುವಿನಂಥ ಒಂದು ಸಣ್ಣ ಕೆಮ್ಮು ಬಂತು. ಅವನು ಹನ್ನೆರಡೂವರೆಗೆ ಬಂದ, ಹದಿಮೂರಕ್ಕೆ ಬಂದ, ಅಲ್ಲಿ ನಿಂತ. ದಸ್ತಗೀರಸಾಬ ಹೆಂಡತಿಯ ಕಡೆ ನೋಡಿದ. ಆಕೆ ತಲೆ ಆಡಿಸಲಿಲ್ಲ. ಕೊನೆಗೆ ಹದಿಮೂರೂವರೆಗೆ ಮುಗಿಯಿತು. ಎಲ್ಲವನ್ನೂ ಬಾಯಿಬಿಟ್ಟು, ಎಲ್ಲರೆದುರು, ಕಾಗದದ ಮೇಲೆ ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಮುಗಿಸಿದೆವು. ಶಿವಪುತ್ರ ಕೊಟ್ಟ ಮುಂಗಡ ಹಣ ಅದೇ ಸಂಜೆ ತುಕ್ಕಾನಟ್ಟಿಗೆ ಹೋಯಿತು.

ಜೂನ್ ಹತ್ತರ ಹೊತ್ತಿಗೆ ಅವರು ಮನೆ ಬದಲಿಸಿದರು. ಜುಲೈ ಕೊನೆಗೆ ಹೊಳೆ ಬಂತು. ಆ ಓಣಿಯ ಮನೆಗಳೆಲ್ಲ ಮತ್ತೆ ನೀರಿನಲ್ಲಿ ನಿಂತವು. ಮಾರಲು ಇಟ್ಟಿದ್ದ ಉಳಿದ ಐದು ಮನೆಗಳಿಗೂ ನಾನು ಮೇ ತಿಂಗಳಲ್ಲೇ ಹೋಗಿ, ನನ್ನ ವರದಿಯ ಸಾಲು ತಪ್ಪು ಎಂದು ಬರೆದುಕೊಟ್ಟು ಬಂದಿದ್ದೆ. ಇಬ್ಬರು ನಂಬಿದರು. ಮೂವರು, ‘ಈಗ ಹಿಂಗ ಅಂತಾಳ’ ಎಂದರು. ಅವರ ಮನೆಗಳು ಈಗಲೂ ಮಾರಾಟಕ್ಕಿವೆ.

ಹಸೀನಾಬಿ ತುಕ್ಕಾನಟ್ಟಿಯ ಒಣಗಿದ ಗೋಡೆಗಳ ನಡುವೆ ಎಂಟು ತಿಂಗಳು ಬದುಕಿದಳು. ಮರುವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಳು. ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ಡಾಕ್ಟರು ರಜಿಯಾಗೆ ಹೇಳುತ್ತಾ ಅರ್ಧಕ್ಕೆ ನಿಲ್ಲಿಸಿದರಂತೆ. ಅವರು ನಿಲ್ಲಿಸಿದ ಮಾತನ್ನು ನಾನು ಹಲವು ಸಲ ಪೂರ್ತಿ ಮಾಡಿಕೊಂಡಿದ್ದೇನೆ.

ಮಾತಾಡಿಸಿ ಬರಲು ಹೋದಾಗ ದಸ್ತಗೀರಸಾಬ ಶೆಡ್ಡಿನಲ್ಲಿ ಗಾದಿ ಹೊಲಿಯುತ್ತಿದ್ದ. ಚಹಾ ಮುಗಿಯುವ ತನಕ ಬೇರೆ ಏನೇನೋ ಮಾತಾಡಿದ. ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಆ ಬಲಗೈಯನ್ನು ತೆರೆದು ಅಂಗೈ ನೋಡಿಕೊಂಡ.

“ಬಾಯಾರ, ಬಾಳಪ್ಪ ಗೀರಿದ್ದು ಖರೆ. ನನಗ ಅವತ್ತs ತಿಳದಿತ್ತು ಗೀರಿದ್ದು. ಉಗುರ ಬೆಳಸ್ಯಾನ ಅಂದ್ಕೊಂಡೆ.”

ಈ ಕಸುಬು ನನಗೆ ಕಲಿಸಿದ್ದು ಅಷ್ಟೇ. ಬೆಲೆ ಹೆಚ್ಚಾಗಿ ತಿಳಿದುಕೊಳ್ಳುವವರು ಸುಳ್ಳುಗಾರರಲ್ಲ. ಗೀರಿದ್ದು ಅವರಿಗೂ ತಿಳಿದಿರುತ್ತದೆ. ಅದಕ್ಕೊಂದು ಬೇರೆ ಕಾರಣ ಹುಡುಕಿಕೊಂಡಿರುತ್ತಾರೆ. ನಾನೂ ಹುಡುಕಿಕೊಂಡಿದ್ದೆ. ಇಪ್ಪತ್ನಾಲ್ಕು ಎಂದು ನಾನೇ ಬರೆದಿದ್ದರೂ ಬಜಾರೇ ಸರಿ ಎಂದುಕೊಂಡೆ. ಈಗ ನನ್ನ ನೋಟಬುಕ್ಕಿನಲ್ಲಿ ‘ಕೇಳಿದ್ದು’ ಎಂಬ ಶಬ್ದ ಇಲ್ಲ. ಯಾರಾದರೂ ತಮ್ಮ ಮನೆಗೆ ಇಷ್ಟು ಬಂದಿತ್ತು ಎಂದರೆ ಪೆನ್ನು ಕೆಳಗಿಟ್ಟು ಕೈ ಚಾಚುತ್ತೇನೆ. “ಹೆಂಗ ಹೇಳಿದ್ರು, ಹಂಗs ತೋರಸ್ರಿ,” ಎನ್ನುತ್ತೇನೆ.